ಮಗಳಿಗೊಂದು ಪರಕಾರ ಹೊಲಿಯೋಣ



ಬಾಗಲಕೋಟೆ, ಬದಾಮಿ, ಹುನಗುಂದ, ಇಳಕಲ್ಲು. ಈ ನಮ್ಮ ಸೀಮೆಯಲ್ಲಿ ಸಣ್ಣ ಹುಡುಗಿಯರ ಉಡುಪು ಪರಕಾರ-ಪೋಲಕ. ಈಗ ದಿನಾಲೂ ಉಡೋದು ಕಡಿಮೆ ಆಗಿದೆ. ಆದರೂ ಹಬ್ಬ ಬಂತು, ಬನಶಂಕರಿ ಜಾತ್ರೆ ಬಂತು ಅಂದರೆ ಮಗಳಿಗೆ ಪರಕಾರ ಬೇಕು. ಮೇಲೆ ಗುಳೇದಗುಡ್ಡದ ಖಣದ ಪೋಲಕ. ಕೆಳಗೆ ಅವ್ವನ ಇಳಕಲ್ ಸೀರೆಯ ಪರಕಾರ. ನೋಡಲು ಎಷ್ಟು ಚೆಂದ!

ಪೋಲಕಕ್ಕೆ ಕೊರಳು ಇದೆ, ತೋಳು ಇದೆ. ಅದನ್ನು ಕತ್ತರಿಸೋದು ಕಠಿಣ. ಪರಕಾರ ಹಾಗಲ್ಲ. ಅದು ಒಂದು ಉದ್ದನೆಯ ಬಟ್ಟೆ, ಅಷ್ಟೇ. ಕೌದಿ ಹೊಲಿದ ಕೈಗೆ ಇದು ದೊಡ್ಡ ಕೆಲಸವಲ್ಲ. ಬೇಕಾದದ್ದು ಲೆಕ್ಕ. ಆ ಲೆಕ್ಕ ಈಗ ನಿಮಗೆ ಬರುತ್ತದೆ.

ಅಳತೆ

ನಾವು ಗೇಣು ಹಾಕಿ, ಮೊಳ ಹಾಕಿ ಅಳೆಯುತ್ತೇವೆ. ಆದರೆ ಅತ್ತೆಯ ಗೇಣು ಬೇರೆ, ಸೊಸೆಯ ಗೇಣು ಬೇರೆ. ಟೇಪಿನ ಇಂಚು ಎಲ್ಲರ ಕೈಯಲ್ಲೂ ಒಂದೇ.

ಮಗಳ ನಡದ ಸುತ್ತಳತೆ ಅಳೆಯಿರಿ. ನಡದಿಂದ ಪಾದದ ಗಂಟಿನ ತನಕ ಉದ್ದ ಅಳೆಯಿರಿ. ಎರಡನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿರಿ. ನಡ 22 ಇಂಚು, ಉದ್ದ 26 ಇಂಚು ಬಂತು ಅನ್ನೋಣ.

ಬಟ್ಟೆಯ ಲೆಕ್ಕ

ನಿರಿಗೆ ತುಂಬಿ ಬರಬೇಕಾದರೆ ನಡದ ಮೂರು ಪಟ್ಟು ಬಟ್ಟೆ ಬೇಕು. 22ರ ಮೂರು ಪಟ್ಟು 66. ಜೋಡಿಸುವ ಹೊಲಿಗೆಗೆ 2 ಸೇರಿಸಿರಿ. ಒಟ್ಟು 68 ಇಂಚು.

ಇನ್ನು ಎತ್ತರ. ಪರಕಾರದ ಉದ್ದ 26. ಲಾಡಿ ಪೋಣಿಸುವ ಪಟ್ಟಿಗೆ 2. ಮಡಿಕೆಗೆ 4. ಒಟ್ಟು 32 ಇಂಚು.

ಮಡಿಕೆ ಯಾಕೆ? ಹುಡುಗಿ ಬೆಳೆಯುತ್ತಾಳೆ, ಬಟ್ಟೆ ಬೆಳೆಯೋದಿಲ್ಲ. ಮಡಿಕೆ ಇಲ್ಲದ ಪರಕಾರ ಬೇಗ ಗಿಡ್ಡ ಆಗುತ್ತದೆ. ಗಟ್ಟಿ ಇದ್ದರೂ ಪೆಟ್ಟಿಗೆ ಸೇರುತ್ತದೆ. ಮಡಿಕೆ ಇದ್ದರೆ ದಾರ ಬಿಚ್ಚಿದರೆ ಸಾಕು, 4 ಇಂಚು ಕೆಳಗೆ ಇಳಿಯುತ್ತದೆ.

ಸೀರೆ ಆರಿಸುವುದು

ಹಳೇ ಸೀರೆಯನ್ನು ಒಗೆದು ಒಣಗಿಸಿರಿ. ಬೆಳಕಿಗೆ ಹಿಡಿದು ನೋಡಿರಿ. ಎಳೆ ಸವೆದ ಕಡೆ ಬೆಳಕು ಹೆಚ್ಚು ಕಾಣುತ್ತದೆ. ಆ ಭಾಗ ಬಿಡಿರಿ. ಇಳಕಲ್ ಸೀರೆಯಲ್ಲಿ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೂಡಿಸಿದ ಜಾಗ ಬಿಟ್ಟು ಒಡಲಿನಲ್ಲೇ ಕತ್ತರಿಸಿರಿ.

ಗೋಮಿ ದಡಿ ಇರಲಿ, ಗಾಡಿ ದಡಿ ಇರಲಿ, ದಡಿ ಪರಕಾರದ ಕೆಳಗೆ ಬರಬೇಕು. ದಡಿ ಗಟ್ಟಿ. ಅದನ್ನು ಮಡಚಿ ಹೊಲಿಯುವ ಕೆಲಸ ಇಲ್ಲ.

ಕತ್ತರಿಸುವುದು

ಸೀರೆಯ ಉದ್ದಕ್ಕೆ 68 ಇಂಚು ಅಳೆಯಿರಿ. ಟೇಪು 60 ಇಂಚಿಗೆ ಮುಗಿದರೆ ಅಲ್ಲಿ ಗುರುತು ಹಾಕಿ, ಮುಂದೆ 8 ಇಂಚು ಅಳೆಯಿರಿ. ಕೆಳಗಿನ ದಡಿಯಿಂದ ಮೇಲಕ್ಕೆ 32 ಇಂಚು ಅಳೆಯಿರಿ. ಕತ್ತರಿಸುವ ಕಡೆ ಒಂದು ಎಳೆ ಎಳೆದು ತೆಗೆಯಿರಿ. ನೇರ ಗೆರೆ ಬೀಳುತ್ತದೆ. ಆ ಗೆರೆಯ ಮೇಲೆ ಕತ್ತರಿ ಹಾಕಿರಿ.

ಹೊಲಿಯುವುದು

1. ಬಟ್ಟೆಯ ಒಳಮೈ ಹೊರಗೆ ಬರುವಂತೆ ಎರಡು ತುದಿ ಕೂಡಿಸಿರಿ. ದಡಿಗೆ ದಡಿ ಸರಿಯಾಗಿ ಕೂಡಬೇಕು. ಅಂಚಿನಿಂದ 1 ಇಂಚು ಬಿಟ್ಟು ಹೊಲಿಯಿರಿ. ಪ್ರತಿ ಸಲ ಸೂಜಿಯನ್ನು ಸ್ವಲ್ಪ ಹಿಂದಕ್ಕೆ ತಂದು ಚುಚ್ಚಿರಿ. ಹೊಲಿಗೆ ಗಟ್ಟಿ ಆಗುತ್ತದೆ. ಮೇಲಿನ 4 ಇಂಚು ಹೊಲಿಯಬೇಡಿರಿ. ಅಲ್ಲಿನ ಅಂಚುಗಳನ್ನು ಮಾತ್ರ ಮಡಚಿ ಟಾಕಿ ಹಾಕಿರಿ.

2. ಮೇಲಿನ ಅಂಚನ್ನು ಒಳಗೆ ಅರ್ಧ ಇಂಚು ಮಡಚಿರಿ. ಮತ್ತೆ ಒಂದೂವರೆ ಇಂಚು ಮಡಚಿ ಸುತ್ತಲೂ ಹೊಲಿಯಿರಿ. ಲಾಡಿಯ ದಾರಿ ಆಯಿತು.

3. ದಡಿಯ ಮೇಲೆ ಸುತ್ತಲೂ 2 ಇಂಚಿನ ಮಡಿಕೆ ಹಿಡಿಯಿರಿ. ಎರಡು ಪದರ ಸೇರಿ 4 ಇಂಚು ಒಳಗೆ ಹೋಗುತ್ತದೆ. ಇದಕ್ಕೆ ದೊಡ್ಡ ಟಾಕಿ ಸಾಕು. ಮುಂದೆ ಇದನ್ನೇ ಬಿಚ್ಚಬೇಕಲ್ಲ!

4. ಉಳಿದ ಬಟ್ಟೆಯಲ್ಲಿ 2 ಇಂಚು ಅಗಲ, 42 ಇಂಚು ಉದ್ದದ ಪಟ್ಟಿ ಕತ್ತರಿಸಿರಿ. ಅಂಚು ಒಳಗೆ ಮಡಚಿ ಹೊಲಿದರೆ ಲಾಡಿ ಆಯಿತು. ಅದರ ತುದಿಗೆ ಪಿನ್ನು ಚುಚ್ಚಿ ದಾರಿಯೊಳಗೆ ಪೋಣಿಸಿರಿ. ಜಗ್ಗಿ ಕಟ್ಟಿದರೆ ನಿರಿಗೆ ತಾನೇ ಬೀಳುತ್ತದೆ.

ಉಳಿದ ಚಿಂದಿ ಚೆಲ್ಲಬೇಡಿರಿ. ಕೌದಿಗೆ ಆಗುತ್ತದೆ.

ಹೊಸ ಬಟ್ಟೆ ಕೊಳ್ಳುವಾಗ

ಅಂಗಡಿಯಲ್ಲಿ ಮೀಟರ್ ಲೆಕ್ಕ. 1 ಗಜ ಅಂದರೆ 36 ಇಂಚು. 1 ಮೀಟರ್ ಅಂದರೆ 39 ಇಂಚಿಗಿಂತ ಸ್ವಲ್ಪ ಹೆಚ್ಚು. 68 ಇಂಚಿಗೆ ಒಂದೂಮುಕ್ಕಾಲು ಮೀಟರ್ ಸಾಕು. ಬಟ್ಟೆಯ ಅಗಲ 32 ಇಂಚಿಗೆ ಕಡಿಮೆ ಇರಬಾರದು. ದಡಿ ಇಲ್ಲದ ಬಟ್ಟೆಯಾದರೆ ಕೆಳಗೆ ಮಡಚಲು ಇನ್ನೂ 1 ಇಂಚು ಬೇಕು. ಅಂಗಡಿಯವರು ಮೂರು ಮೀಟರ್ ಬೇಕು ಅಂದರೆ ನಿಮ್ಮ ಪುಸ್ತಕ ತೆಗೆದು ತೋರಿಸಿರಿ. ಲೆಕ್ಕ ಬಲ್ಲವಳ ರೊಕ್ಕ ದಂಡವಾಗುವುದಿಲ್ಲ.

ಲೆಕ್ಕ ಮಾಡಿ ನೋಡಿರಿ

ಒಬ್ಬ ಹುಡುಗಿಯ ನಡ 24 ಇಂಚು. ಪರಕಾರದ ಉದ್ದ 28 ಇಂಚು. ದಡಿ ಇರುವ ಬಟ್ಟೆ ಎಷ್ಟು ಉದ್ದ, ಎಷ್ಟು ಎತ್ತರ ಬೇಕು?

(ಉತ್ತರ: ಉದ್ದ 74 ಇಂಚು, ಎತ್ತರ 34 ಇಂಚು.)