ಗೊಂಬೆ ಹೇಳುವ ಮುಟ್ಟಿನ ಪಾಠ

ಮುಟ್ಟಾದ ಹೆಣ್ಣನ್ನು ‘ಹೊರಗಾಗಿದ್ದಾಳೆ’ ಎನ್ನುವುದು ಕನ್ನಡನಾಡಿನ ಹಳೆಯ ಮಾತು. ಹೆಚ್ಚಿನ ಕಡೆ ಅದೀಗ ಬರೀ ಮಾತು. ಆದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಅದು ಅಕ್ಷರಶಃ ನಿಜ. ಜುಂಜಪ್ಪ, ಎತ್ತಪ್ಪನಂಥ ದೈವಗಳಿರುವ ಹಟ್ಟಿಗೆ ಮೈಲಿಗೆ ತಾಗಬಾರದೆಂದು ಮುಟ್ಟಾದವರನ್ನೂ ಬಾಣಂತಿಯರನ್ನೂ ಊರಾಚೆಯ ಗುಡಿಸಲಲ್ಲಿ ಇರಿಸುವ ಕಾಡುಗೊಲ್ಲರ ಪದ್ಧತಿ ಪೂರ್ತಿ ಅಳಿದಿಲ್ಲ. 2023ರ ಜುಲೈನಲ್ಲಿ ನೆರೆಯ ತುಮಕೂರು ತಾಲ್ಲೂಕಿನ ಹಟ್ಟಿಯೊಂದರ ಹೊರಗೆ, ಮಳೆ-ಚಳಿಯ ನಡುವೆ ತಾಯಿಯೊಂದಿಗಿದ್ದ ಹಸುಗೂಸು ತೀರಿಕೊಂಡಿತು.

ಹೀಗೆ ಹೊರಗಿಡುವುದು ಅಪರಾಧ. ಅದನ್ನು ನಿಷೇಧಿಸುವ 2017ರ ಅಮಾನವೀಯ ದುಷ್ಟಪದ್ಧತಿಗಳ ನಿರ್ಮೂಲನ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಅದಕ್ಕೂ ಮೊದಲೇ ಸರ್ಕಾರ ಹಟ್ಟಿಗಳ ಪಕ್ಕ ‘ಕೃಷ್ಣ ಕುಟೀರ’ಗಳನ್ನು ಕಟ್ಟಿಸಿತ್ತು. ಬಿಸಿಲು-ಮಳೆಗೆ ಆಸರೆಯೇನೋ ಆಯಿತು; ಹೊರಗಿಡುವುದಕ್ಕೇ ಪಕ್ಕಾ ಸೂರು ಹಾಕಿಕೊಟ್ಟಂತೆಯೂ ಆಯಿತು.

ಕಾಯ್ದೆಗೂ ಕಟ್ಟಡಕ್ಕೂ ಎಟುಕದ್ದು ಹುಡುಗಿಯ ಮನಸ್ಸಿನ ಭಯ. ಮೈನೆರೆದವಳಿಗೆ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುವುದು, ಚಿಗಳಿ, ಕೊಬ್ಬರಿ-ಬೆಲ್ಲ ತಿನ್ನಿಸುವುದು, ಆರತಿ ಎತ್ತಿ ಒಸಗೆ ಮಾಡುವುದು ನಾಡಿನ ಎಷ್ಟೋ ಜಾತಿಗಳಲ್ಲಿದೆ. ಊರಿಗೆಲ್ಲ ಸುದ್ದಿ ಮುಟ್ಟುತ್ತದೆ; ರಕ್ತ ಎಲ್ಲಿಂದ ಬಂತು, ಯಾಕೆ ಬಂತು ಎಂದು ಆ ಮಗುವಿಗೆ ಮಾತ್ರ ಯಾರೂ ಹೇಳುವುದಿಲ್ಲ. ತಾಯಿಗೆ ನಾಚಿಕೆ, ಮೇಷ್ಟರಿಗೆ ಮುಜುಗರ.

ಇಲ್ಲಿ ಕೆಲಸಕ್ಕೆ ಬರುವುದು ಗೊಂಬೆ. ಬಾಯಲ್ಲಿ ಹೇಳಲಾಗದ್ದನ್ನು ಗೊಂಬೆಯ ಮೈಮೇಲೆ ತೋರಿಸಬಹುದು. ಉಪಾಯ ಹೊಸದೇನಲ್ಲ. ಫ್ರಾನ್ಸಿನ ಸೂಲಗಿತ್ತಿ ಆಂಜೆಲಿಕ್ ದು ಕೂದ್ರೆ 1759ರಲ್ಲಿ ದೊರೆ ಹದಿನೈದನೇ ಲೂಯಿಯಿಂದ ಅಪ್ಪಣೆ ಪಡೆದು, ಬಟ್ಟೆಯಲ್ಲಿ ಹೊಲಿದ ಗರ್ಭ ಮತ್ತು ಕೂಸಿನ ಗೊಂಬೆಗಳನ್ನು ಹೊತ್ತು ಊರೂರು ಸುತ್ತಿ, ಓದುಬರಹ ಬಾರದ ಹೆಂಗಸರಿಗೂ ಹೆರಿಗೆ ಮಾಡಿಸುವುದನ್ನು ಕಲಿಸಿದಳು. 1975ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ತಂದ ಸ್ಕಿಪ್ಪರ್ ಗೊಂಬೆಯ ತೋಳು ತಿರುವಿದರೆ ಅದು ಎತ್ತರವಾಗಿ ಎದೆ ಬೆಳೆಯುತ್ತಿತ್ತು. ಪಾಠಕ್ಕಿಂತ ತಮಾಷೆಯೇ ಜಾಸ್ತಿ ಎನ್ನಬೇಕು.

ನಮ್ಮ ಅಂಗನವಾಡಿಗೆ ಅಷ್ಟೆಲ್ಲ ಬೇಕಿಲ್ಲ. ಹಳೇ ಸೀರೆಯ ಬಟ್ಟೆಗೊಂಬೆ, ಹೊಟ್ಟೆಯಲ್ಲೊಂದು ಪುಟ್ಟ ಚೀಲ, ಅದರೊಳಗೆ ಕೆಂಪು ಬಟ್ಟೆಯ ಅಸ್ತರು, ಎರಡು ಬದಿಗೆ ಮಣಿ ತುಂಬಿದ ಗಂಟುಗಳಿದ್ದರೆ ಸಾಕು. ತಿಂಗಳಿಗೊಂದು ಮಣಿ, ಅಂದರೆ ಅಂಡಾಣು, ಹೊರಬರುತ್ತದೆ. ಗರ್ಭಕೋಶ ಕೂಸಿಗೆಂದು ಒಳಗೆ ಮೆತ್ತನೆಯ ಹಾಸು ಹಾಸಿಕೊಳ್ಳುತ್ತದೆ. ಗರ್ಭ ನಿಲ್ಲದಿದ್ದರೆ ಆ ಹಾಸು ಕಳಚಿ ರಕ್ತದೊಂದಿಗೆ ಹೊರಹೋಗುತ್ತದೆ. ಅಸ್ತರನ್ನು ಮಗುವೇ ಕೈಯಿಂದ ಎಳೆದು ನೋಡಿದರೆ ಮೈಲಿಗೆಯ ಮಾತು ಅರ್ಧ ಬಿದ್ದಂತೆ. ಕೂಸು ಮಲಗಬೇಕಿದ್ದ ಹಾಸಿಗೆ ಹೊಲಸಾಗುವುದು ಹೇಗೆ?

ದಿನದ ಲೆಕ್ಕಕ್ಕೆ ಮಣಿಸರ ಆಗುತ್ತದೆ. ಕುಟುಂಬ ಯೋಜನೆಗೆಂದು ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ರೂಪಿಸಿದ ಸರದಲ್ಲಿ 32 ಮಣಿಗಳು. ಮುಟ್ಟಿನ ಮೊದಲ ದಿನಕ್ಕೆ ಕೆಂಪು ಮಣಿ, ಗರ್ಭ ನಿಲ್ಲಬಹುದಾದ 12 ದಿನಗಳಿಗೆ ಬಿಳಿ ಮಣಿ. ಅದು ಮುಟ್ಟು ಕ್ರಮಬದ್ಧವಾಗಿರುವ ಹೆಂಗಸರಿಗೆ ತಕ್ಕದ್ದು. ಹುಡುಗಿಯರಲ್ಲಿ ಮೊದಲ ಒಂದೆರಡು ವರ್ಷ ಮುಟ್ಟು ಹಿಂದುಮುಂದಾಗುವುದು ಸಹಜವಾದ್ದರಿಂದ, ಅವರಿಗೆ ದಿನ ಎಣಿಸುವ ಬರೀ ಆಟದ ಸರ ಸಾಕು.

ಈ ಆಟದಿಂದ ಗಂಡುಹುಡುಗರನ್ನು ದೂರವಿಡುವುದು ಸರಿಯಲ್ಲ. ಹಟ್ಟಿಯ ಯಜಮಾನನೂ ಪೂಜಾರಿಯೂ ಆಗುವವರು ಅವರೇ. ಹುಡುಗಿಯರ ಮೈ ಎಂಟರಿಂದ ಹದಿಮೂರರೊಳಗೆ ಬದಲಾಗತೊಡಗುತ್ತದೆ, ಹುಡುಗರದು ತುಸು ತಡವಾಗಿ. ಹೈಸ್ಕೂಲಿಗೆ ಬಂದ ಮೇಲೆ ಹೇಳೋಣವೆಂದರೆ ಹೊತ್ತು ಮೀರಿರುತ್ತದೆ. ನಾಲ್ಕನೆಯ, ಐದನೆಯ ಇಯತ್ತೆಯಲ್ಲೇ ಗೊಂಬೆ ಮಕ್ಕಳ ಕೈಗೆ ಬರಬೇಕು.