ಅಂದಿನ ಅಳು, ಇಂದಿನ ಅನಾರೋಗ್ಯ

ತಲೆನೋವು ಅಂತ ಡಾಕ್ಟರ್ ಹತ್ತಿರ ಹೋಗ್ತೀರಿ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲಾ ಆಗುತ್ತೆ. ರಿಪೋರ್ಟ್ ನಾರ್ಮಲ್! ಆದರೂ ನೋವು ಹೋಗಲ್ಲ. ಮನೆಯಲ್ಲಿ ಯಾರಾದರೂ ಸ್ವಲ್ಪ ಜೋರಾಗಿ ಮಾತನಾಡಿದರೆ ಸಾಕು, ಎದೆ ಡವಡವ ಅನ್ನುತ್ತೆ. ರಾತ್ರಿ ನಿದ್ದೆ ಹತ್ತಲ್ಲ. ಡಾಕ್ಟರ್ ಊಟದ ಬಗ್ಗೆ ಕೇಳ್ತಾರೆ, ತವರಿನಲ್ಲಿ ಯಾರಿಗಾದರೂ ಶುಗರ್ ಇದೆಯಾ ಅಂತ ಕೇಳ್ತಾರೆ. ಆದರೆ ‘ಚಿಕ್ಕವರಿದ್ದಾಗ ನಿಮ್ಮ ಮನೆ ಹೇಗಿತ್ತಮ್ಮ?’ ಅಂತ ಕೇಳುವವರು ಎಷ್ಟು ಮಂದಿ?

ಕೇಳಬೇಕಾದ ಪ್ರಶ್ನೆಯೇ ಅದು. ಬಾಲ್ಯದಲ್ಲಿ ತಿಂದ ಏಟು, ಕೇಳಿದ ಬೈಗುಳ, ಕಂಡ ಜಗಳ ಮನಸ್ಸಿನಲ್ಲಷ್ಟೇ ಉಳಿಯುವುದಿಲ್ಲ, ಮೈಯಲ್ಲೂ ಉಳಿಯಬಹುದು. ಹಾಗಂತ ಗಾಬರಿ ಬೀಳಬೇಡಿ. ಅದನ್ನು ತಡೆಯುವ, ತಡವಾಗಿಯಾದರೂ ಸರಿಪಡಿಸಿಕೊಳ್ಳುವ ದಾರಿಗಳಿವೆ. ಅವು ಬಹುಪಾಲು ನಿಮ್ಮ ಮನೆಯೊಳಗೇ ಶುರುವಾಗುತ್ತವೆ.

ತೂಕ ಇಳಿಸಲು ಬಂದವರ ಕಥೆ

ಅಮೆರಿಕದ ಸ್ಯಾನ್ ಡಿಯಾಗೊ ನಗರದಲ್ಲಿ ಡಾ. ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರು 1980ರ ದಶಕದಲ್ಲಿ ಬೊಜ್ಜು ಇಳಿಸುವ ಚಿಕಿತ್ಸಾಲಯ ನಡೆಸುತ್ತಿದ್ದರು. ಅಲ್ಲೊಂದು ವಿಚಿತ್ರ ಕಂಡಿತು. ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದರು! ಒಬ್ಬೊಬ್ಬರನ್ನೇ ಕೂರಿಸಿ ಮಾತನಾಡಿಸಿದಾಗ, ಅವರಲ್ಲಿ ಅನೇಕರು ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದದ್ದು ಗೊತ್ತಾಯಿತು. ಅವರಿಗೆ ಊಟ ಸಂಕಟ ಮರೆಸುವ ಮದ್ದಾಗಿತ್ತು. ದಪ್ಪ ಮೈ ಬೇರೆಯವರ ಕಣ್ಣಿನಿಂದ ಕಾಪಾಡುವ ಗೋಡೆಯಾಗಿತ್ತು.

ಫೆಲಿಟ್ಟಿ ಅವರು ಡಾ. ರಾಬರ್ಟ್ ಆಂಡಾ ಅವರೊಂದಿಗೆ ಸೇರಿ 1995ರಿಂದ 1997ರವರೆಗೆ 17 ಸಾವಿರಕ್ಕೂ ಹೆಚ್ಚು ಜನರ ಬಾಲ್ಯದ ಬಗ್ಗೆ ಮಾಹಿತಿ ಕೇಳಿದರು. ಇವರ್ಯಾರೂ ಕೊಳೆಗೇರಿಯವರಲ್ಲ. ಹೆಚ್ಚಿನವರು ಓದಿದವರು, ಆರೋಗ್ಯ ವಿಮೆ ಇದ್ದ ಮಧ್ಯಮ ವರ್ಗದವರು. ಮೊದಲ ವರದಿ 1998ರಲ್ಲಿ ಪ್ರಕಟವಾಯಿತು.

ಈ ಅಧ್ಯಯನದಲ್ಲಿ ಪಟ್ಟಿ ಮಾಡಿದ್ದು ಹತ್ತು ಸಂಗತಿ. ಹೊಡೆತ, ಮನ ನೋಯಿಸುವ ಬೈಗುಳ, ಲೈಂಗಿಕ ದೌರ್ಜನ್ಯ, ಊಟ ಬಟ್ಟೆಗೆ ಗತಿ ಇಲ್ಲದಿರುವುದು, ಪ್ರೀತಿ ತೋರಿಸುವವರೇ ಇಲ್ಲದಿರುವುದು, ತಾಯಿಗೆ ಏಟು ಬೀಳುವುದು, ಮನೆಯಲ್ಲಿ ಕುಡಿತ ಅಥವಾ ಮಾದಕ ವ್ಯಸನ, ಮನೆಯವರ ಮಾನಸಿಕ ಕಾಯಿಲೆ, ಅಪ್ಪ ಅಮ್ಮ ಬೇರೆಯಾಗುವುದು, ಮನೆಯವರು ಜೈಲು ಸೇರುವುದು. ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಇವುಗಳಲ್ಲಿ ಒಂದಾದರೂ ಆಗಿತ್ತು. ಎಂಟರಲ್ಲಿ ಒಬ್ಬರಿಗೆ ನಾಲ್ಕು ಅಥವಾ ಹೆಚ್ಚು!

ಹೀಗೆ ನಾಲ್ಕು ಅಥವಾ ಹೆಚ್ಚು ಕಂಡವರಲ್ಲಿ, ಏನೂ ಕಾಣದವರಿಗಿಂತ ಹೃದಯದ ಕಾಯಿಲೆ ಸುಮಾರು ಎರಡು ಪಟ್ಟು, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ಆತ್ಮಹತ್ಯೆಗೆ ಯತ್ನಿಸಿದವರ ಪ್ರಮಾಣ ಸುಮಾರು 12 ಪಟ್ಟು!

ಓದುತ್ತಾ ಓದುತ್ತಾ ನಿಮ್ಮ ಬಾಲ್ಯದ ಲೆಕ್ಕ ಹಾಕುತ್ತಿದ್ದೀರಾ? ಒಂದು ಮಾತು ನೆನಪಿಡಿ. ಇದು ಜಾತಕ ಅಲ್ಲ. ಇಡೀ ಸಮುದಾಯದ ಅಂದಾಜಿಗೆ ಮಾಡಿದ ಈ ಲೆಕ್ಕವನ್ನು ಒಬ್ಬೊಬ್ಬರ ಭವಿಷ್ಯ ಹೇಳಲು ಬಳಸಬಾರದು ಅಂತ ಆಂಡಾ ಅವರೇ 2020ರಲ್ಲಿ ಎಚ್ಚರಿಸಿದ್ದಾರೆ. ಅಂಕ ಹೆಚ್ಚಿದ್ದೂ ಆರೋಗ್ಯವಾಗಿರುವವರು ಬೇಕಾದಷ್ಟು ಮಂದಿ ಇದ್ದಾರೆ.

ಉರಿ ಸಣ್ಣ ಮಾಡುವ ಕೈ

ಅಂದಿನ ಭಯ ಇಂದಿನ ಕಾಯಿಲೆ ಆಗುವುದು ಹೇಗೆ? ಬೀದಿನಾಯಿ ಅಟ್ಟಿಸಿಕೊಂಡು ಬಂದಾಗ ಏನಾಗುತ್ತೆ ನೆನಪಿಸಿಕೊಳ್ಳಿ. ಎದೆ ಬಡಿತ ಏರುತ್ತೆ, ಉಸಿರು ಜೋರಾಗುತ್ತೆ, ಕಾಲಿಗೆ ಎಲ್ಲಿಲ್ಲದ ಶಕ್ತಿ ಬರುತ್ತೆ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳ ಕೆಲಸ ಇದು. ನಾಯಿ ಹೋದ ಮೇಲೆ ಎಲ್ಲಾ ತಣ್ಣಗಾಗುತ್ತೆ. ಇದರಿಂದ ತೊಂದರೆ ಇಲ್ಲ.

ಆದರೆ ಭಯ ಮನೆಯೊಳಗೇ ಇದ್ದರೆ? ಸಂಜೆ ಗೇಟಿನ ಸದ್ದಾದಾಗಲೆಲ್ಲ ‘ಇವತ್ತು ಅಪ್ಪ ಕುಡಿದು ಬಂದಿರ್ತಾರಾ?’ ಅಂತ ಮಗು ನಡುಗುತ್ತಿದ್ದರೆ? ಹಾಲಿಟ್ಟ ಒಲೆಯ ಉರಿ ಸಣ್ಣ ಮಾಡುವವರೇ ಇಲ್ಲ ಅಂದುಕೊಳ್ಳಿ. ಹಾಲು ಉಕ್ಕುತ್ತೆ, ಸೀಯುತ್ತೆ, ಕೊನೆಗೆ ಪಾತ್ರೆಯ ತಳವೂ ಕಪ್ಪಾಗುತ್ತೆ. ತಿಂಗಳು, ವರ್ಷಗಟ್ಟಲೆ ಹೀಗೇ ಆದರೆ ಬೆಳೆಯುವ ಮಿದುಳು, ಹೃದಯ, ರೋಗನಿರೋಧಕ ಶಕ್ತಿ ಎಲ್ಲದರ ಮೇಲೂ ಪೆಟ್ಟು ಬೀಳಬಹುದು. ಅದರ ಜೊತೆಗೆ, ದೊಡ್ಡವರಾದ ಮೇಲೆ ಸಂಕಟ ಮರೆಯಲು ಸಿಗರೇಟು, ಕುಡಿತ, ಹೊಟ್ಟೆ ಬಿರಿಯೋ ಹಾಗೆ ತಿನ್ನುವುದು ಅಭ್ಯಾಸವಾಗುತ್ತೆ. ಕಾಯಿಲೆಗೆ ಇದು ಇನ್ನೊಂದು ದಾರಿ.

ಮಗುವನ್ನು ಎತ್ತಿಕೊಂಡು ‘ನಾನಿದ್ದೀನಿ ಕಂದ’ ಅನ್ನುವ ದೊಡ್ಡವರು ಆ ಉರಿಯನ್ನು ಸಣ್ಣ ಮಾಡುವ ಕೈ. ಮಕ್ಕಳಿಗೆ ಕಷ್ಟವೇ ಬರಬಾರದು ಅಂತಲ್ಲ. ಪರೀಕ್ಷೆಯಲ್ಲಿ ಫೇಲಾಗುವುದು, ಹೊಸ ಶಾಲೆಗೆ ಹೋಗುವುದು, ಅಜ್ಜಿಯ ಸಾವು, ಇವನ್ನೆಲ್ಲಾ ಮಕ್ಕಳು ತಡೆದುಕೊಳ್ಳಬಲ್ಲರು. ಕಷ್ಟ ಬಂದಾಗ ಒಂಟಿ ಆಗಬಾರದು, ಅಷ್ಟೆ.

‘ನಮಗೂ ಹೊಡೆದಿರಲಿಲ್ವಾ?’

‘ನಮ್ಮಪ್ಪನೂ ಹೊಡೀತಿದ್ರು, ನಾವೇನು ಕೆಟ್ಟು ಹೋಗಿದ್ದೀವಾ?’ ಅಂತೀರಾ? ಒಂದು ಏಟು ಬಿದ್ದ ಕೂಡಲೇ ಎಲ್ಲರಿಗೂ ಕಾಯಿಲೆ ಬರುವುದಿಲ್ಲ, ನಿಜ. ಆದರೆ ಏಟು ತಿಂದೂ ಚೆನ್ನಾಗಿ ಬೆಳೆದವರನ್ನು ಕೇಳಿ ನೋಡಿ. ಅಪ್ಪನ ಬೆಲ್ಟಿನಿಂದ ಬಿಡಿಸಿ ಸೆರಗಿನ ಹಿಂದೆ ಬಚ್ಚಿಟ್ಟುಕೊಂಡ ಅಜ್ಜಿಯೋ ಅತ್ತೆಯೋ ಒಬ್ಬರು ಇದ್ದೇ ಇರುತ್ತಾರೆ. ಹಾಗಾದರೆ ಬೆಳೆಸಿದ್ದು ಬೆಲ್ಟೋ, ಸೆರಗೋ?

ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ 2007ರಲ್ಲಿ ವರದಿ ಕೊಟ್ಟಿತು. ಮೂರರಲ್ಲಿ ಎರಡು ಮಕ್ಕಳು ದೈಹಿಕ ಹಿಂಸೆ ಅನುಭವಿಸಿದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಯಾವುದಾದರೂ ರೂಪದ ಲೈಂಗಿಕ ದೌರ್ಜನ್ಯ ಕಂಡಿದ್ದರು, ಹೆಣ್ಣು ಗಂಡು ಎಂಬ ಭೇದವಿಲ್ಲದೆ. ಇದು ಯಾರದೋ ಮನೆಯ ಮಾತಲ್ಲ ಅನ್ನಲು ಇಷ್ಟು ಸಾಲದೇ?

ಇನ್ನೊಂದು ಮಾತು. ಗಂಡನ ಹೊಡೆತ ತಿನ್ನುವ ಹೆಣ್ಣಿಗೆ ಹಿರಿಯರು ಹೇಳುವುದೇನು? ‘ಮಕ್ಕಳ ಮುಖ ನೋಡಿಕೊಂಡು ಸಹಿಸ್ಕೊಳಮ್ಮ.’ ಆದರೆ ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ಓದಿ. ತಾಯಿಗೆ ಏಟು ಬೀಳುವುದೂ ಅದರಲ್ಲಿದೆ. ಮಗುವಿನ ಮೈಮೇಲೆ ಒಂದು ಗೀರು ಇಲ್ಲದಿದ್ದರೂ ಅದು ಮಗುವಿನ ಗಾಯವೇ. ‘ಮಲಗಿದೆ, ಅದಕ್ಕೇನು ಗೊತ್ತಾಗುತ್ತೆ’ ಅಂದುಕೊಳ್ಳಬೇಡಿ. ಹೊದಿಕೆಯೊಳಗೆ ಕಣ್ಣು ತೆರೆದೇ ಇರುತ್ತೆ. ಮಕ್ಕಳ ಮುಖ ನೋಡಿ ಸಹಾಯ ಕೇಳಿ, ಸಹಿಸಿಕೊಳ್ಳಬೇಡಿ.

ಕವಾಯಿ ದ್ವೀಪದ ಮಕ್ಕಳು

ಇಷ್ಟೆಲ್ಲಾ ಕಷ್ಟ ಕಂಡ ಮಕ್ಕಳು ಚೆನ್ನಾಗಿ ಬದುಕುವುದು ಸಾಧ್ಯವಾ? ಖಂಡಿತ ಸಾಧ್ಯ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಎಂಬ ಇಬ್ಬರು ಮಹಿಳೆಯರು ದಶಕಗಳ ಕಾಲ ಗಮನಿಸಿದರು. ಅವರಲ್ಲಿ ಸುಮಾರು ಮೂರನೇ ಒಂದು ಭಾಗದ ಮಕ್ಕಳ ಮನೆಯಲ್ಲಿ ಬಡತನ, ಜಗಳ, ಕುಡಿತ, ಮಾನಸಿಕ ಕಾಯಿಲೆ ಹೀಗೆ ಒಂದರ ಮೇಲೊಂದು ಕಷ್ಟ. ಆದರೂ ಆ ಮಕ್ಕಳಲ್ಲೇ ಮೂವರಲ್ಲಿ ಒಬ್ಬರು ಆತ್ಮವಿಶ್ವಾಸದಿಂದ, ಇತರರನ್ನು ಪ್ರೀತಿಸಬಲ್ಲ ವ್ಯಕ್ತಿಗಳಾಗಿ ಬೆಳೆದರು!

ಅವರ ಗುಟ್ಟೇನು? ಆ ಮಕ್ಕಳಿಗೆ ಗಟ್ಟಿಯಾಗಿ ಜೊತೆ ನಿಂತ ಒಬ್ಬ ದೊಡ್ಡವರಾದರೂ ಇದ್ದರು. ಅಪ್ಪ ಅಮ್ಮನೇ ಆಗಬೇಕೆಂದಿಲ್ಲ. ಅಜ್ಜಿ, ಚಿಕ್ಕಮ್ಮ, ಟೀಚರ್, ನೆರೆಯವರು, ಯಾರೂ ಆಗಬಹುದು. ಹದಿಹರೆಯದಲ್ಲಿ ದಾರಿ ತಪ್ಪಿದವರಲ್ಲೂ ಅನೇಕರು ಒಳ್ಳೆಯ ಸಂಗಾತಿ, ಮುಂದುವರಿಸಿದ ಓದು, ಉದ್ಯೋಗದಿಂದ ಮೂವತ್ತು, ನಲವತ್ತರ ಹೊತ್ತಿಗೆ ಸರಿಹೋದರು. ಅಂದರೆ ಎರಡನೇ ಅವಕಾಶ ಎಲ್ಲರಿಗೂ ಉಂಟು!

ಹೀಗೆ ಮಾಡಿ

ಅಮೆರಿಕದ ವಿಸ್ಕಾನ್ಸಿನ್‌ ರಾಜ್ಯದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಬಾಲ್ಯದಲ್ಲಿ ಕಷ್ಟ ಕಂಡಿದ್ದರೂ, ಅದರ ಜೊತೆ ಒಳ್ಳೆಯ ಅನುಭವಗಳೂ ಸಿಕ್ಕಿದ್ದವರಲ್ಲಿ ಖಿನ್ನತೆ ಕಡಿಮೆ ಇತ್ತು. ಆ ಒಳ್ಳೆಯ ಅನುಭವಗಳ ಪಟ್ಟಿ ನೋಡಿದರೆ ಆಶ್ಚರ್ಯ ಆಗುತ್ತೆ. ಮನೆಯಲ್ಲಿ ಮನಸ್ಸಿನ ಮಾತು ಹೇಳಿಕೊಳ್ಳುವುದು, ಗೆಳೆಯರ ಬೆಂಬಲ, ಊರಿನ ಸಂಪ್ರದಾಯಗಳಲ್ಲಿ ಖುಷಿಯಿಂದ ಭಾಗವಹಿಸುವುದು, ಅಪ್ಪ ಅಮ್ಮನಲ್ಲದೆ ಇನ್ನಿಬ್ಬರು ದೊಡ್ಡವರ ಅಕ್ಕರೆ… ಇದರಲ್ಲಿ ದುಡ್ಡು ಕೊಟ್ಟು ತರುವಂಥದ್ದು ಯಾವುದೂ ಇಲ್ಲ! ನೀವೂ ಇವನ್ನು ಮಾಡಿ ನೋಡಿ.

* ಶಾಲೆಯಿಂದ ಬಂದ ಕೂಡಲೇ ‘ಎಷ್ಟು ಮಾರ್ಕ್ಸ್?’ ಅನ್ನಬೇಡಿ. ತಿಂಡಿ ಕೊಟ್ಟು ಹತ್ತು ನಿಮಿಷ ಪಕ್ಕದಲ್ಲಿ ಕೂತ್ಕೊಳ್ಳಿ. ಮೊಬೈಲ್, ಟೀವಿ ಎರಡೂ ಆಫ್ ಇರಲಿ. ಮಗು ತಾನಾಗೇ ಮಾತಾಡುತ್ತೆ.

* ‘ಅಳಬೇಡ, ಗಂಡು ಹುಡುಗ ಅಳ್ತಾನಾ?’ ಅನ್ನುವ ಬದಲು ‘ಬೇಜಾರಾಯ್ತಾ? ಏನಾಯ್ತು ಹೇಳು’ ಅನ್ನಿ. ಬೇಜಾರು, ಭಯ, ಸಿಟ್ಟಿಗೆ ಹೆಸರಿಟ್ಟು ಹೇಳಲು ಬಂದರೆ ಅರ್ಧ ಭಾರ ಇಳಿದಂತೆ.

* ಸಿಟ್ಟಿನಲ್ಲಿ ಬೈದುಬಿಟ್ಟಿರಾ? ತಣ್ಣಗಾದ ಮೇಲೆ ಹೋಗಿ ‘ಅಷ್ಟು ಜೋರಾಗಿ ಬೈಬಾರದಿತ್ತು ಪುಟ್ಟ’ ಅನ್ನಿ. ಇದರಿಂದ ನಿಮ್ಮ ಗೌರವ ಕಡಿಮೆಯಾಗಲ್ಲ. ಮುರಿದದ್ದನ್ನು ಮತ್ತೆ ಕೂಡಿಸಬಹುದು ಅಂತ ಮಗು ಕಲಿಯುತ್ತೆ.

* ಮನೆಯಲ್ಲಿ ಕುಡಿತ ಇದ್ದರೆ ‘ಅಪ್ಪನಿಗೆ ಹುಷಾರಿಲ್ಲ’ ಅಂತ ಮುಚ್ಚಿಡಬೇಡಿ. ಮಕ್ಕಳಿಗೆ ಗೊತ್ತಿರುತ್ತೆ. ‘ಇದು ನಿನ್ನ ತಪ್ಪಲ್ಲ, ನಿನ್ನಿಂದ ಆಗಿದ್ದಲ್ಲ’ ಅಂತ ಹೇಳಿ. ಬಹಳ ಮಕ್ಕಳು ತಮ್ಮಿಂದಲೇ ಹೀಗಾಯಿತು ಅಂದುಕೊಂಡು ಕೊರಗುತ್ತವೆ.

* ಊಟ, ಓದು, ನಿದ್ದೆಗೆ ಒಂದು ಹೊತ್ತು ಇರಲಿ. ಮನೆ ಅಲ್ಲೋಲಕಲ್ಲೋಲ ಆದಾಗಲೂ ರಾತ್ರಿ ಒಂಬತ್ತಕ್ಕೆ ಕಥೆ ಇದ್ದೇ ಇರುತ್ತೆ ಅನ್ನುವ ನಂಬಿಕೆ ದೊಡ್ಡದು.

* ಗಿಡಕ್ಕೆ ನೀರು, ತಟ್ಟೆ ಜೋಡಿಸುವುದು, ಹೀಗೆ ವಯಸ್ಸಿಗೆ ತಕ್ಕ ಕೆಲಸ ಕೊಡಿ. ‘ನಾನೂ ಬೇಕಾದವನು’ ಅನಿಸಲಿ. ದೊಡ್ಡವರ ಕಷ್ಟವನ್ನೆಲ್ಲ ಮಗುವಿನ ಮುಂದೆ ತೋಡಿಕೊಳ್ಳಬೇಡಿ.

* ಯುಗಾದಿ, ಗೌರಿ ಹಬ್ಬ, ಊರ ಜಾತ್ರೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಟ್ಯೂಷನ್ ಒಂದು ದಿನ ತಪ್ಪಿದರೆ ಏನೂ ಆಗಲ್ಲ. ಅಜ್ಜಿ, ಸೋದರಮಾವ, ಪಕ್ಕದ ಮನೆ ಆಂಟಿ ಜೊತೆ ಮಗುವಿಗೆ ಸಲಿಗೆ ಬೆಳೆಯಲಿ.

* ಯಾರದಾದರೂ ಹತ್ತಿರ ಹೋಗಲು ಮಗು ಹಿಂಜರಿದರೆ, ಅವರು ಎಷ್ಟೇ ಹತ್ತಿರದ ನೆಂಟರಾಗಿರಲಿ, ಒತ್ತಾಯ ಮಾಡಬೇಡಿ. ಏಕಾಂತದಲ್ಲಿ ಕೇಳಿ. ಹೇಳಿದ್ದನ್ನು ಮೊದಲು ನಂಬಿ.

ಇದೆಲ್ಲಾ ಅಮ್ಮನೊಬ್ಬಳ ಜವಾಬ್ದಾರಿ ಅಂದುಕೊಳ್ಳಬೇಡಿ. ಈ ಪುಟವನ್ನು ಮನೆಯವರ ಕೈಗೂ ಕೊಡಿ!

ನಿಮ್ಮ ಬಾಲ್ಯವೇ ನೋವಿನದಾಗಿದ್ದರೆ…

ಮಗು ಹಾಲು ಚೆಲ್ಲಿದರೆ ಬರುವ ಸಿಟ್ಟು ಒಮ್ಮೊಮ್ಮೆ ನಿಮಗೇ ಅತಿ ಅನಿಸುತ್ತಾ? ಬಾಯಿಂದ ಬರುವ ಮಾತು ನಿಮ್ಮಮ್ಮನದೋ ಅಪ್ಪನದೋ ಅನಿಸುತ್ತಾ? ನೀವು ಕೆಟ್ಟ ತಾಯಿ ಅಲ್ಲ. ಹಳೆಯ ಗಾಯ ಮಾತನಾಡುತ್ತಿದೆ. ಆ ಕ್ಷಣ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿಯಿರಿ. ನಿಧಾನವಾಗಿ ಉಸಿರು ಬಿಡಿ. ಆಮೇಲೆ ಮಾತನಾಡಿ.

ನಂಬಿಕೆಯ ಒಬ್ಬರ ಹತ್ತಿರ, ಅಕ್ಕನೋ ಗೆಳತಿಯೋ, ಅಂದು ಆದದ್ದನ್ನು ಹೇಳಿಕೊಳ್ಳಿ. ವಾಕಿಂಗ್, ಯೋಗ, ಸರಿಯಾದ ನಿದ್ದೆ ಇರಲಿ. ನಿದ್ದೆ ಕೆಡಿಸುವ ನೆನಪು, ಕಾರಣವಿಲ್ಲದ ಭಯ, ಬದುಕೇ ಬೇಡ ಎಂಬ ಯೋಚನೆ ಇದ್ದರೆ ಮನೋವೈದ್ಯರನ್ನೋ ಆಪ್ತ ಸಮಾಲೋಚಕರನ್ನೋ ಕಾಣಿ. ‘ಹುಚ್ಚು ಅಂತಾರೆ’ ಅನ್ನುವ ಅಂಜಿಕೆ ಬಿಡಿ. ಬಾಲ್ಯದ ಆಘಾತಕ್ಕೆ ಮಾತಿನ ಚಿಕಿತ್ಸೆ ಇದೆ, ಅದರಿಂದ ಗುಣವೂ ಆಗುತ್ತೆ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ, ಅವರು ಕೇಳದಿದ್ದರೂ ನೀವೇ ಹೇಳಿ. ಹಾಗಂತ ಬಿಪಿ, ಶುಗರ್ ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಸಹಾಯ ಎಲ್ಲಿ?

ಮನಸ್ಸಿನ ತೊಂದರೆಗೆ 2022ರಲ್ಲಿ ಶುರುವಾದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಇದೆ. ದಿನದ 24 ಗಂಟೆಯೂ, ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆ ಪ್ರತ್ಯೇಕ ವಿಭಾಗವೇ ಇದೆ. ಬೇರೆ ಊರಿನವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ವಿಚಾರಿಸಿ. ಮಗುವಿಗೆ ಅಪಾಯವಿದ್ದರೆ 1098, ಮನೆಯಲ್ಲಿ ನಿಮಗೆ ಹಿಂಸೆಯಾಗುತ್ತಿದ್ದರೆ 181, ತುರ್ತಿಗೆ 112. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2012ರ ಪೋಕ್ಸೊ ಕಾಯ್ದೆ ಇದೆ. ದೂರು ಕೊಟ್ಟ ಮಗುವಿನ ಹೆಸರು, ಗುರುತು ಬಹಿರಂಗಪಡಿಸುವಂತಿಲ್ಲ. ಶಾಲೆಯಲ್ಲಿ ಹೊಡೆಯುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ.

ಈ ನಂಬರ್‌ಗಳನ್ನು ಕ್ಯಾಲೆಂಡರ್ ಹಿಂದೆ ಬರೆದಿಡಿ. ನಿಮಗೆ ಬೇಡವಾದರೂ ಮನೆಗೆಲಸಕ್ಕೆ ಬರುವಾಕೆಗೆ, ಮಹಡಿ ಮನೆಯ ಹುಡುಗಿಗೆ ಬೇಕಾಗಬಹುದು. ನಿಮ್ಮ ಮನೆಗೆ ಆಡಲು ಬರುವ ಮಕ್ಕಳಲ್ಲಿ ಒಬ್ಬರಿಗೆ ಜೊತೆ ನಿಲ್ಲುವ ಆ ಒಬ್ಬ ದೊಡ್ಡವರು ನೀವೇ ಆಗಬಹುದು, ಯಾರಿಗೆ ಗೊತ್ತು?