ಗಣಕಯಂತ್ರವೂ ರೋಗಿಯ ಗುರುತೂ

ಮಹಾನಗರದ ಅನೇಕ ಆಸ್ಪತ್ರೆಗಳಲ್ಲಿ ಇಂದು ರೋಗಿಗಳ ವಿವರಗಳು ಗಣಕಯಂತ್ರದಲ್ಲಿವೆ. ಜಾವಾ ಭಾಷೆಯ ಕ್ರಮವಿಧಿಯಲ್ಲಿ ಇಂತಹ ಒಂದೊಂದು ದಾಖಲೆಯೂ ಒಂದು ‘ವಸ್ತು’. ಎರಡು ವಸ್ತುಗಳು ಸಮಾನವೇ ಎಂಬುದನ್ನು ‘ಈಕ್ವಲ್ಸ್’ ನಿರ್ಣಯಿಸುತ್ತದೆ. ಯಾವ ಖಾನೆಯಲ್ಲಿ ಹುಡುಕಬೇಕೆಂಬುದನ್ನು ‘ಹ್ಯಾಶ್‌ಕೋಡ್’ ಎಂಬ ಸಂಖ್ಯೆ ಸೂಚಿಸುತ್ತದೆ.

ನೋಂದಣಿ ಸಂಖ್ಯೆ 4127ರ ರೋಗಿಗೆ ಪೆನಿಸಿಲಿನ್ ಒಗ್ಗದೆಂದು ದಾಖಲಾಗಿದೆಯೆನ್ನೋಣ. ಸಂಖ್ಯೆ ಒಂದೇ ಆದರೆ ರೋಗಿಯೂ ಒಬ್ಬನೇ ಎಂದು ಈಕ್ವಲ್ಸ್‌ಗೆ ವಿಧಿಸಿ ಹ್ಯಾಶ್‌ಕೋಡನ್ನು ಮರೆತರೆ, ಅದೇ ಸಂಖ್ಯೆಯ ಹೊಸ ವಸ್ತು ಬೇರೊಂದು ಖಾನೆಯನ್ನು ತೋರಬಹುದು. ಎಚ್ಚರಿಕೆಯು ಒಳಗಿದ್ದೂ ವೈದ್ಯರ ಕಣ್ಣಿಗೆ ಬೀಳದು.

ಆದುದರಿಂದ ಸಮಾನ ವಸ್ತುಗಳ ಹ್ಯಾಶ್‌ಕೋಡ್ ಸಮಾನವಾಗಿರಲೇಬೇಕು. ಅಸಮಾನ ವಸ್ತುಗಳು ಒಂದೇ ಖಾನೆಗೆ ಬಂದರೆ ಬಾಧಕವಿಲ್ಲ. ಈಕ್ವಲ್ಸ್ ಅವನ್ನು ಬೇರ್ಪಡಿಸುತ್ತದೆ. ವಿಳಾಸ, ತೂಕ ಮುಂತಾದವು ಬದಲಾಗತಕ್ಕವು. ಬದಲಾಗದ ನೋಂದಣಿ ಸಂಖ್ಯೆಯೇ ಎರಡಕ್ಕೂ ಆಧಾರವಾಗಿರುವುದು ಕ್ಷೇಮಕರ.